ಒಂದೇ ಪಾಸ್‌ವರ್ಡ್, ಎರಡು ಸಾಲು

ಇವತ್ತು ಊರಿನ ಲೈಬ್ರರಿಯ ವೆಬ್ ಆಪ್‌ಗೆ ಪಾಸ್‌ಪೋರ್ಟ್ ಜೆಎಸ್ (ಲಾಗಿನ್ ಕೆಲಸಕ್ಕೆ ಸಿಗುವ ರೆಡಿಮೇಡ್ ಕೋಡ್) ಹಾಕಿ ಲಾಗಿನ್ ಸೇರಿಸಿದೆ. ಟೆಸ್ಟ್ ಮಾಡೋಕೆ ಎರಡು ಖಾತೆ ತೆರೆದು, ಸುಮ್ನೆ ಎರಡಕ್ಕೂ ಒಂದೇ ಪಾಸ್‌ವರ್ಡ್ ಕೊಟ್ಟೆ.

ಡೇಟಾಬೇಸ್ ತೆಗೆದು ನೋಡಿದರೆ ಎರಡು ಸಾಲೂ ಬೇರೆ ಬೇರೆ! ತಲಾ 60 ಅಕ್ಷರ, ಒಂದಕ್ಕೊಂದು ಸಂಬಂಧವೇ ಇಲ್ಲ. ಪಾಸ್‌ವರ್ಡನ್ನು ಗುರುತೇ ಸಿಗದ ಹಾಗೆ ಬದಲಿಸಿಡುವ ಬಿಕ್ರಿಪ್ಟ್‌ನ ಕೆಲಸ ಅದು. ಪ್ರತಿ ಪಾಸ್‌ವರ್ಡಿಗೂ ಬೇರೆ ಸಾಲ್ಟ್, ಅಂದರೆ ಮನಬಂದಂತೆ ಆರಿಸಿದ ಒಂದಿಷ್ಟು ಅಕ್ಷರ, ಬೆರೆಸುತ್ತದೆ, ಆಮೇಲೆ ಬೇಕಂತಲೇ ನಿಧಾನವಾಗಿ ಅರೆಯುತ್ತದೆ. ಕದ್ದವನು ಊಹಿಸಿ ಊಹಿಸಿ ಸುಸ್ತಾಗಲಿ ಅಂತ. ಬಿಕ್ರಿಪ್ಟ್ ಬಂದದ್ದು 1999ರಲ್ಲಿ.

ಪಾಸ್‌ವರ್ಡ್ ಹೋಲಿಸಿ ನೋಡುವ ಫಂಕ್ಷನ್ ಮಾತ್ರ ಪಾಸ್‌ಪೋರ್ಟ್ ನಮಗೇ ಬಿಡುತ್ತದೆ. ಅಲ್ಲಿ ಅವಸರ ಮಾಡಬೇಡಿ.

ಎಷ್ಟೋ ಜನ ಈಮೇಲಿಗೂ ಇಲ್ಲಿಗೂ ಒಂದೇ ಪಾಸ್‌ವರ್ಡ್ ಇಡುತ್ತಾರೆ, ಅಲ್ವಾ? ಆಪ್ ಕಟ್ಟಿದ ನನಗೂ ಡೇಟಾಬೇಸ್ ನೋಡಿ ಅದನ್ನು ಓದಲು ಆಗುವುದಿಲ್ಲ ಅನ್ನೋದೇ ನನಗೆ ಜಾಸ್ತಿ ಖುಷಿ.

ಇನ್ನು ಲಾಗಿನ್ ಆದವರನ್ನು ನೆನಪಿಡುವ ಸೆಷನ್ ಕುಕಿ ಬಾಕಿ.