ಕೆಲಸ ಬಿಟ್ಟು ಎಂ.ಟೆಕ್ ಮಾಡಬೇಕಾ?

ದಾವಣಗೆರೆಯಲ್ಲಿ ಜೂನಿಯರ್ ಹುಡುಗರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಟೆಲಿಕಾಂನಲ್ಲಿ ಎಂ.ಟೆಕ್ ಮಾಡಬೇಕು ಅಂತಿದೀನಿ, ಕೆಲಸ ಬಿಡಲಾ?" ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಾದ ಯುಬಿಡಿಟಿಯಲ್ಲೋ ಬಿಐಇಟಿಯಲ್ಲೋ ಎಲೆಕ್ಟ್ರಾನಿಕ್ಸ್ ಮುಗಿಸಿ, ಎರಡು ಮೂರು ವರ್ಷ ಟವರ್, ಫೈಬರ್ ಅಂತ ಓಡಾಡಿದವರು ಇವರು. ನನ್ನ ಉತ್ತರ: ಖಂಡಿತ ಓದಿ, ಕೆಲಸ ಮಾತ್ರ ಬಿಡಬೇಡಿ. ದುಡ್ಡಿನ ವಿಚಾರಕ್ಕೆ ಹೇಳುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಅದೂ ಇದೆ, ಮನೆ ನಡೆಯಬೇಕಲ್ವಾ. ಆದರೆ ನನ್ನ ಕಾರಣ ಬೇರೆ.

ನಾನು ಚಿತ್ರದುರ್ಗ-ದಾವಣಗೆರೆ ನಡುವಿನ ಫೈಬರ್ ನೋಡಿಕೊಳ್ಳುವವನು. ಹೆದ್ದಾರಿ ಪಕ್ಕ ಜೆಸಿಬಿ ಇಳಿಯಿತು ಅಂದರೆ ನಮ್ಮ ಫೋನ್ ಬಡಿದುಕೊಳ್ಳುತ್ತದೆ. ಒಂದು ಸಲ ಭರಮಸಾಗರದ ಹತ್ತಿರ ಕೇಬಲ್ ಕಟ್ ಆಗಿ, ರಾತ್ರಿಯೆಲ್ಲ ಕೂತು ಜಾಯಿಂಟ್ ಮುಗಿಸಿದೆವು. ಓಟಿಡಿಆರ್ (ಫೈಬರ್ ಒಳಗೆ ಬೆಳಕು ಬಿಟ್ಟು ಎಲ್ಲಿ ಎಷ್ಟು ನಷ್ಟ ಅಂತ ಗೆರೆ ಎಳೆದು ತೋರಿಸುವ ಯಂತ್ರ) ಹಾಕಿ ಬೆಳಕಿನ ತರಂಗಾಂತರ 1310 ನ್ಯಾನೋಮೀಟರ್‌ನಲ್ಲಿ ನೋಡಿದರೆ ಗೆರೆ ಚೆನ್ನಾಗಿಯೇ ಇತ್ತು. 1550ಕ್ಕೆ ಬದಲಿಸಿದರೆ ಅದೇ ಜಾಯಿಂಟಿನ ಜಾಗದಲ್ಲಿ ಮೆಟ್ಟಿಲು ಇಳಿದ ಹಾಗೆ ಧಡ್ ಅಂತ ಕೆಳಗೆ ಬಿದ್ದಿತ್ತು. ಜೊತೆಗಿದ್ದ ಹಿರಿಯರು "ಒಳಗೆ ಎಳೆ ಬಾಗಿದೆ, ಬಿಚ್ಚಪ್ಪಾ" ಅಂದರು. ಬಿಚ್ಚಿದರೆ ಹೌದು, ಜಾಯಿಂಟಿನ ಎಳೆಗಳನ್ನು ಸುತ್ತಿಡುವ ಟ್ರೇ ಮೂಲೆಯಲ್ಲಿ ಒಂದು ಎಳೆ ಬಿಗಿಯಾಗಿ ಬಾಗಿ ಕೂತಿತ್ತು. ಅಗಲವಾಗಿ ಸುತ್ತಿಟ್ಟೆ, ಸರಿಹೋಯಿತು. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಯಾಕೆ ಕಂಡಿತು ಅಂತ ಕೇಳಿದೆ. "ಅದು ಹಂಗೇ" ಅಂದರು.

ಎರಡು ವರ್ಷ ಆದಮೇಲೆ, ಕೆಲಸದ ಜೊತೆಗೇ ಎಂ.ಟೆಕ್ ಓದುತ್ತಿದ್ದಾಗ, ಒಂದು ಭಾನುವಾರದ ಆಪ್ಟಿಕಲ್ ಕಮ್ಯುನಿಕೇಶನ್ ಪಾಠದಲ್ಲಿ ಉತ್ತರ ಸಿಕ್ಕಿತು. ತರಂಗಾಂತರ ಉದ್ದ ಆದಷ್ಟೂ ಬೆಳಕು ಫೈಬರಿನ ನಡುವಿನ ಗಾಜಾದ ಕೋರ್‌ನ ಒಳಗೇ ಪೂರ್ತಿ ನಿಲ್ಲುವುದಿಲ್ಲ, ಸುತ್ತಲಿನ ಗಾಜಿನ ಪದರವಾದ ಕ್ಲ್ಯಾಡಿಂಗ್‌ಗೂ ಜಾಸ್ತಿ ಚಾಚಿಕೊಂಡು ಸಾಗುತ್ತದೆ, ಹಾಗಾಗಿ ಬಾಗಿದ ಕಡೆ ಬೇಗ ಸೋರಿಹೋಗುತ್ತದೆ. ಹಾಗಂತ 1550 ಬಿಟ್ಟುಬಿಡೋಕೂ ಆಗಲ್ಲ, ಯಾಕಂದರೆ ನೇರ ದಾರಿಯಲ್ಲಿ ಅದರ ನಷ್ಟ ಕಿಲೋಮೀಟರಿಗೆ ಸುಮಾರು 0.2 ಡಿಬಿ (ನಷ್ಟ ಅಳೆಯುವ ಡೆಸಿಬೆಲ್) ಮಾತ್ರ, 1310ರಲ್ಲಿ ಸುಮಾರು 0.35. ಪಾಠ ಕೇಳುತ್ತಿದ್ದ ಹಾಗೇ ಆ ಟ್ರೇ ಕಣ್ಮುಂದೆ ಬಂತು. ಕೆಲಸ ಬಿಟ್ಟು ಓದಿದ್ದರೆ ಇದು ನನಗೆ ಬರೀ ಹತ್ತು ಮಾರ್ಕಿನ ಉತ್ತರ ಆಗಿರುತ್ತಿತ್ತು.

ಇನ್ನು ಯಾವ ಕೋರ್ಸು ಅನ್ನೋದು. ಇಲ್ಲಿ ಹುಷಾರಾಗಿರಿ. ಮನೆಗೇ ಪುಸ್ತಕ ಕಳಿಸಿ ಡಿಗ್ರಿ ಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಅನುಮತಿ ಇಲ್ಲದೆ ಅಂಚೆ ಮೂಲಕ ಎಂಜಿನಿಯರಿಂಗ್ ಪದವಿ ಕೊಟ್ಟ ಡೀಮ್ಡ್ ವಿಶ್ವವಿದ್ಯಾಲಯಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ಖಡಕ್ಕಾಗಿ ತೀರ್ಪು ಕೊಟ್ಟಿದೆ, ಅಂಥ ಡಿಗ್ರಿ ಹಿಡಿದವರು ಎಷ್ಟು ಒದ್ದಾಡಿದರು ಅಂತ ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ. ಬಿಟ್ಸ್ ಪಿಲಾನಿಯಂಥ ಕಡೆ ಕೆಲಸದಲ್ಲಿರುವವರಿಗೆ ಅಂತಲೇ ನಾಲ್ಕು ಸೆಮಿಸ್ಟರಿನ ಎಂ.ಟೆಕ್ ಇದೆ. ಐಐಎಸ್ಸಿ ಕೂಡ ಆನ್‌ಲೈನ್ ಎಂ.ಟೆಕ್ ಶುರು ಮಾಡಿದೆ. ಎಲ್ಲಿ ಸೇರುವುದಾದರೂ ಮಾನ್ಯತೆ ಪತ್ರವನ್ನು ನೀವೇ ಕಣ್ಣಾರೆ ಓದಿ, ಏಜೆಂಟ್ ಮಾತು ನಂಬಬೇಡಿ.

ಪಾಠ ಹೇಳಬೇಕು, ಸಂಶೋಧನೆ ಮಾಡಬೇಕು ಅನ್ನುವವರ ದಾರಿ ಬೇರೆ. ಅವರು ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆ ಬರೆದು ಪೂರ್ಣಾವಧಿಗೆ ಸೇರಲಿ. ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ.

ಫೀಸು ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟರುಗಳ ಡಿಜಿಟಲ್ ಕಮ್ಯುನಿಕೇಶನ್ ಪಾಠಗಳಿವೆ, ಕೇಳೋಕೆ ದುಡ್ಡು ಕೊಡಬೇಕಿಲ್ಲ. ಡ್ಯೂಟಿ ಮಾಡುತ್ತಲೇ ಹನ್ನೆರಡು ವಾರ ಕೂತು ಒಂದು ಕೋರ್ಸ್ ಮುಗಿಸಿ. ಸುಮ್ನೆ ವಿಡಿಯೋ ನೋಡುವುದಲ್ಲ, ಲೆಕ್ಕ ಬಿಡಿಸಬೇಕು. ನಮಗೆ ಕೈಕೊಡುವುದೇ ಪ್ರಾಬಬಿಲಿಟಿ, ಮ್ಯಾಟ್ರಿಕ್ಸ್. ಸೈಟಿನಲ್ಲಿ ಇವೆರಡೂ ಬೇಕಾಗಲ್ಲ, ಆದರೆ 5ಜಿಯ ಹತ್ತಾರು ಆಂಟೆನಾ ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ಅಂತ ತಿಳಿಯಬೇಕಾದರೆ ಬೇರೆ ದಾರಿಯಿಲ್ಲ. ನಾನು ಬೆಳಗ್ಗೆ ಐದರಿಂದ ಏಳು ಓದುತ್ತಿದ್ದೆ, ರಾತ್ರಿ ಯಾವಾಗ ಕೇಬಲ್ ಕಟ್ ಆಗುತ್ತದೋ ಗೊತ್ತಿರಲಿಲ್ಲ. ಮನೆಯವರಿಗೂ ಮ್ಯಾನೇಜರಿಗೂ ಮೊದಲೇ ಹೇಳಿಡಿ, ಪರೀಕ್ಷೆಯ ವಾರ ರಜೆ ಬೇಕೇ ಬೇಕು.

ಇನ್ನೊಂದು ಮಾತು. ಕೊನೇ ಸೆಮಿಸ್ಟರಿನ ಪ್ರಾಜೆಕ್ಟನ್ನು ನಿಮ್ಮ ಕೆಲಸದಿಂದಲೇ ಎತ್ತಿಕೊಳ್ಳಬಹುದು. ನಾನು ನಮ್ಮ ರೂಟಿನ ಬಾಗು ದೋಷಗಳನ್ನೇ ತೆಗೆದುಕೊಂಡೆ, ಆದರೆ ಭರಮಸಾಗರದ ಆ ರಾತ್ರಿಯ ಓಟಿಡಿಆರ್ ಗೆರೆಯ ಟ್ರೇಸ್ ಫೈಲು ಅಷ್ಟರಲ್ಲಿ ಅಳಿಸಿಹೋಗಿತ್ತು. ನೀವು ಕಂಪನಿಯ ಒಪ್ಪಿಗೆ ಕೇಳಿ ಇವತ್ತಿನಿಂದಲೇ ಫೈಲುಗಳನ್ನು ಎತ್ತಿಟ್ಟುಕೊಳ್ಳಿ, ಹೆಸರಲ್ಲಿ ತಾರೀಖು, ಜಾಯಿಂಟ್ ನಂಬರ್ ಹಾಕಿ.