ಹಳಿ ಯಾರು ನೋಡ್ಕೊಳ್ತಿದ್ರು?

ಶನಿವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿದೆ. ಅಡಿಲೇಡ್‌ಗೆ ಬಂದು ಹನ್ನೊಂದು ವರ್ಷವಾದರೂ ಪೋರ್ಟ್ ಅಡಿಲೇಡ್‌ನ ರೈಲ್ವೆ ಮ್ಯೂಸಿಯಂ ನೋಡಿದ್ದು ಇದೇ ಮೊದಲು. ಹಳಿ ಕೆಲಸದವರ ಊರುಗಳಿಗೆ ಸಾಮಾನು ಒಯ್ಯುತ್ತಿದ್ದ 'ಟೀ ಅಂಡ್ ಶುಗರ್' ರೈಲಿನ ಅಂಗಡಿ ಬೋಗಿ ಅಲ್ಲಿದೆ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಅದರ ಕೌಂಟರಿನ ಅಂಚು ಸವರುತ್ತಾ ನಿಂತಿದ್ದರು. "ಆಗ ಇದು ನನ್ನ ಗದ್ದಕ್ಕೆ ಬರ್ತಿತ್ತು" ಅಂದರು.

ಅವರಪ್ಪ ಆಸ್ಟ್ರೇಲಿಯಾದ ನಲ್ಲಾರ್‌ಬರ್ ಬಯಲಲ್ಲಿ ಫೆಟ್ಲರ್. ನಮ್ಮಲ್ಲಿ ಗ್ಯಾಂಗ್‌ಮನ್ ಅಂತೀವಲ್ಲ, ಅದೇ ಕೆಲಸ. 1917ರಲ್ಲಿ ಮುಗಿದ ಆ ರೈಲು ದಾರಿಯಲ್ಲಿ 478 ಕಿಲೋಮೀಟರ್ ಉದ್ದಕ್ಕೂ ಒಂದು ತಿರುವಿಲ್ಲ. ಬಯಲಲ್ಲಿ ನೆರಳಿಗೊಂದು ಮರವಿಲ್ಲ, ಹೊಳೆಯಿಲ್ಲ. ನಿಲ್ದಾಣಗಳಿಗೆ ಮಾತ್ರ ಕುಕ್, ಡೀಕಿನ್, ಬಾರ್ಟನ್ ಅಂತ ಪ್ರಧಾನಿಗಳ ಹೆಸರು! ಮಾಂಸ, ಹಿಟ್ಟು, ಸಂಬಳ, ಕುಡಿಯೋ ನೀರು ಎಲ್ಲವೂ ರೈಲಲ್ಲೇ ಬರಬೇಕು. ಮಕ್ಕಳೆಲ್ಲ ಒಂದೇ ಟಬ್ಬಿನ ನೀರಲ್ಲಿ ಸ್ನಾನ ಮಾಡುತ್ತಿದ್ದರಂತೆ. ಅದೇ ನೀರಲ್ಲಿ ಅಪ್ಪನ ಕೆಲಸದ ಬಟ್ಟೆ. ಉಳಿದದ್ದು ಟೊಮೆಟೊ ಗಿಡಕ್ಕೆ.

ಮೊಮ್ಮಗ ಮೊಬೈಲ್ ನೋಡುತ್ತಲೇ ಕೇಳಿದ: "ಅಷ್ಟು ಕಷ್ಟ ಇದ್ರೆ ಬಿಟ್ಟು ಬರಬಹುದಿತ್ತಲ್ಲ ಅಜ್ಜಿ?"

ಅಜ್ಜಿ ಕೌಂಟರಿನಿಂದ ಕೈ ತೆಗೆಯಲಿಲ್ಲ. "ಹಳಿ ಯಾರು ನೋಡ್ಕೊಳ್ತಿದ್ರು?"

ಅಷ್ಟೇ. ಸಿಟ್ಟಿಲ್ಲ, ಹೆಮ್ಮೆಯನ್ನು ತೋರಿಸಿಕೊಳ್ಳೋದೂ ಇಲ್ಲ. ಹುಡುಗನ ಮೇಲೆ ನನಗೇ ಕೋಪ ಬಂತು. ಆದರೆ ಅವನೇ ತಾನೇ ಅಜ್ಜಿಯನ್ನು ಕರೆದುಕೊಂಡು ಬಂದವನು? ಮೆಟ್ಟಿಲು ಇಳಿಯುವಾಗ ಜೋಪಾನವಾಗಿ ತೋಳು ಹಿಡಿದುಕೊಂಡ. ಒಳ್ಳೆಯ ಹುಡುಗ.

'ಟೀ ಅಂಡ್ ಶುಗರ್' ರೈಲು 1996ರಲ್ಲಿ ನಿಂತಿತು. ಹಳಿಯ ಕೆಳಗಿನ ಮರದ ಸ್ಲೀಪರ್ ಹೋಗಿ ಕಾಂಕ್ರೀಟ್ ಬಂದಿತ್ತು, ಮೊದಲಿನಷ್ಟು ಜನ ಬೇಕಿರಲಿಲ್ಲ. ಆಸ್ಪತ್ರೆ, ಶಾಲೆ ಎಲ್ಲ ಇದ್ದ ಕುಕ್ ಊರು ಖಾಲಿಯಾಯಿತು. ಹಳಿ ಕಾದವರಿಗೆ ಆ ಹಳಿಯ ಪಕ್ಕದಲ್ಲೇ ಊರು ಉಳಿಯಲಿಲ್ಲ. ಇದು ನನಗೆ ಅನ್ಯಾಯ ಅಂತಲೇ ಅನಿಸುತ್ತದೆ. ಮಾರ್ಗ ಹಾಕಿಸಿದವರ ಹೆಸರು ಎಲ್ಲಾದರೂ ಸಿಗುತ್ತದೆ. ಬಟ್ಟೆ ಒಗೆದ ನೀರನ್ನು ಗಿಡಕ್ಕೆ ಹೊತ್ತ ಆ ತಾಯಿಯ ಹೆಸರು ಎಲ್ಲಿ ಹುಡುಕೋದು? ಅವಳೂ ರೈಲ್ವೆಗೇ ದುಡಿದವಳು, ಅಲ್ವಾ?

ನಮ್ಮಪ್ಪನೂ ಅರಸೀಕೆರೆ ಕಡೆ ಗ್ಯಾಂಗ್‌ಮನ್ ಆಗಿದ್ದವರು. ಮಳೆಗಾಲದ ರಾತ್ರಿ ಲಾಟೀನು ಹಿಡಿದು ಹೊರಟರೆ ಅಮ್ಮ ಬಾಗಿಲಲ್ಲೇ ನಿಂತಿರುತ್ತಿದ್ದಳು. ಬಿಟ್ಟುಬಿಡಿ ಅಂತ ಒಂದು ದಿನವೂ ಅಂದವಳಲ್ಲ. ಯಾಕೆ ಅಂತ ನಾನು ಕೇಳಿದವನೂ ಅಲ್ಲ. ಈಗ ಕೇಳೋಣ ಅಂದರೆ ಅವಳಿಲ್ಲ.

ಭಾನುವಾರ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಬಿಸಿಲಿಗೆ ಹಳಿ ಬಾಗಿದ್ರೆ, ಪಕ್ಕದ ಗ್ಯಾಂಗ್ ಎಷ್ಟು ದೂರ ಇರ್ತಿತ್ತಂತೆ?" ಅಂದರು.