ಮೂರಲ್ಲ, ನಾಲ್ಕು

ಚೌತಿ ಹಬ್ಬಕ್ಕೆ ಅಕ್ಕನ ಮಗ ಶಿರಸಿಯಿಂದ ಕಾರವಾರಕ್ಕೆ ಬಂದಿದ್ದ. ಹಬ್ಬದ ಮರುದಿನ ಮಳೆ ಹಿಡಿದುಕೊಂಡಿತು. ಹೊರಗೆ ಹೋಗೋ ಹಾಗಿಲ್ಲ, ಅವನಿಗೆ ಬೇಜಾರು, ಹಾಗಾಗಿ ನನ್ನ ಹಳೇ ಎಕ್ಸ್‌ಬಾಕ್ಸ್ 360 ಗೇಮ್ ಮಷೀನನ್ನು ಕಪಾಟಿನಿಂದ ತೆಗೆದು ಟೀವಿಗೆ ಜೋಡಿಸಿಕೊಟ್ಟೆ. ಜೂನ್‌ನಿಂದ ಅದನ್ನು ಮುಟ್ಟಿರಲಿಲ್ಲ. ನಾನು ಚಾ ಮಾಡಲು ಒಳಗೆ ಹೋಗಿದ್ದಷ್ಟೇ, ಅಷ್ಟರಲ್ಲಿ ಕೂಗು ಕೇಳಿಸಿತು. "ಮಾವಾ, ಇದರಲ್ಲಿ ಕೆಂಪು ದೀಪ ಬರ್ತಾ ಇದೆ!"

ಎದೆ ಧಸಕ್ಕೆಂದಿತು. ಈ ಮಷೀನು ಇಟ್ಟುಕೊಂಡವರಿಗೆ ಯಾಕೆ ಅಂತ ಗೊತ್ತಿರುತ್ತದೆ. ಪವರ್ ಬಟನ್ ಸುತ್ತ ನಾಲ್ಕು ತುಂಡಾಗಿ ಒಂದು ಬಳೆಯಂಥ ದೀಪ ಇದೆ. ಎಲ್ಲ ಸರಿ ಇದ್ದರೆ ಹಸಿರು. ಅದರಲ್ಲಿ ಮೂರು ತುಂಡು ಕೆಂಪಾಗಿ ಮಿಣುಕಿದರೆ ಒಳಗೆ ಹಾರ್ಡ್‌ವೇರ್ ಕೆಟ್ಟಿದೆ ಅಂತ ಅರ್ಥ. ಆ ಕಾಲದಲ್ಲಿ ಎಷ್ಟು ಜನರ ಮಷೀನಿಗೆ ಹೀಗಾಯಿತು ಅಂದರೆ, 2007ರ ಜುಲೈನಲ್ಲಿ ಇದನ್ನು ತಯಾರಿಸಿದ ಮೈಕ್ರೋಸಾಫ್ಟ್ ಈ ಒಂದು ದೋಷಕ್ಕಾಗಿಯೇ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, 100 ಕೋಟಿ ಡಾಲರ್‌ಗೂ ಜಾಸ್ತಿ ಹಣ ತೆಗೆದಿಡಬೇಕಾಯಿತು. ಮಷೀನು ಕಾದು, ತಣ್ಣಗಾಗಿ, ಮತ್ತೆ ಕಾದು, ಕೊನೆಗೆ ಒಳಗಿನ ಸಣ್ಣ ಬೆಸುಗೆಗಳು ಬಿಟ್ಟುಕೊಳ್ಳುತ್ತಿದ್ದವು.

ನಾನು ಗಾಬರಿಯಲ್ಲಿ ಪರಿಚಯದ ಒಂದು ರಿಪೇರಿ ಅಂಗಡಿಗೆ ಫೋನ್ ಮಾಡಿದೆ. "ರೆಡ್ ಲೈಟಾ? ಬೋರ್ಡ್ ಹೋಗಿದೆ ಸರ್. ತನ್ನಿ, ಹೀಟ್ ಕೊಟ್ಟು ನೋಡೋಣ" ಅಂದರು. ಎಷ್ಟು ದೀಪ ಅಂತ ಕೇಳಲೇ ಇಲ್ಲ. ನಾನೂ ಹೇಳಲಿಲ್ಲ, ಯಾಕೆಂದರೆ ನಾನೂ ನೋಡಿರಲಿಲ್ಲ. ಮಷೀನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕೋಣ ಅಂತ ಹೊರಟಾಗ ಹುಡುಗ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. "ಮಾವಾ, ನಾಲ್ಕೂ ಕೆಂಪು" ಅಂದ. ಮೂರಲ್ವಾ ಅಂತ ಕೇಳಿದೆ. "ಮೂರಲ್ಲ, ನಾಲ್ಕು. ನೀನೇ ನೋಡು."

ನಾಲ್ಕು ಅಂದರೆ ಬೇರೆಯೇ ಮಾತು. ನಾಲ್ಕೂ ಕೆಂಪಾದರೆ ಟೀವಿಗೆ ಚಿತ್ರ, ಧ್ವನಿ ಒಯ್ಯುವ ಎವಿ ಕೇಬಲ್ ಮಷೀನಿಗೆ ಸಿಗುತ್ತಿಲ್ಲ ಅಂತ ಅರ್ಥ, ಅಷ್ಟೇ. ಎಡಗಡೆಯ ಎರಡು ಮಿಣುಕಿದರೆ ಮಷೀನು ವಿಪರೀತ ಬಿಸಿಯಾಗಿದೆ, ಆಫ್ ಮಾಡಿ ಗಾಳಿಯಾಡುವ ಕಡೆ ಇಡಬೇಕು. ಕೆಳಗೆ ಬಲಗಡೆ ಒಂದೇ ಒಂದು ಮಿಣುಕಿದರೆ ಹಾರ್ಡ್‌ವೇರ್ ತೊಂದರೆ, ಆಗ ಟೀವಿಯಲ್ಲಿ 'ಇ' ಅಕ್ಷರದಿಂದ ಶುರುವಾಗುವ ಒಂದು ನಂಬರ್ ಬರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಮೂರು ದೀಪ ಬಂದಾಗಲೂ ಮಷೀನು ಸುಮ್ನೆ ಇರುವುದಿಲ್ಲ. ಕಂಟ್ರೋಲರ್ ಜೋಡಿಸುವ ಸಿಂಕ್ ಬಟನ್ ಒತ್ತಿ ಹಿಡಿದು, ಡಿಸ್ಕ್ ಹೊರತೆಗೆಯುವ ಎಜೆಕ್ಟ್ ಬಟನ್ ಒಂದು ಸಲ ಒತ್ತಿದರೆ ದೀಪಗಳು ಒಂದು ಅಂಕೆ ತೋರಿಸುತ್ತವೆ. ಒಂದು ದೀಪ ಮಿಣುಕಿದರೆ 1, ಎರಡಾದರೆ 2, ಮೂರಾದರೆ 3, ನಾಲ್ಕೂ ಮಿಣುಕಿದರೆ ಸೊನ್ನೆ. ಹೀಗೆ ನಾಲ್ಕು ಸಲ ಒತ್ತಿದರೆ ನಾಲ್ಕು ಅಂಕೆಯ ಕೋಡ್ ಸಿಗುತ್ತದೆ. ಪರದೆ ಇಲ್ಲದೆ ಬರೀ ನಾಲ್ಕು ದೀಪದಲ್ಲಿ ಇಷ್ಟೆಲ್ಲ ಹೇಳುವ ಹಾಗೆ ಮಾಡಿದ್ದಾರಲ್ಲ, ಅದು ನನಗೆ ಈಗಲೂ ತುಂಬಾ ಇಷ್ಟ.

ಮೊದಲು ಅಡಾಪ್ಟರ್ ನೋಡಿದೆವು. ಅದಕ್ಕೂ ತನ್ನದೇ ದೀಪ ಇದೆ: ಆನ್ ಇದ್ದಾಗ ಹಸಿರು, ಆಫ್ ಇದ್ದಾಗ ಕಿತ್ತಳೆ, ಕೆಂಪಾದರೆ ತೊಂದರೆ ಅಡಾಪ್ಟರ್‌ನದ್ದೇ. ನಮ್ಮದು ಹಸಿರು ಇತ್ತು. ಆಮೇಲೆ ಪ್ಲಗ್ ತೆಗೆದು, ಹಿಂದುಗಡೆಯ ಎವಿ ಕೇಬಲ್ ಎಳೆದು, ಕಿಟಕಿ ಹತ್ತಿರ ಹಿಡಿದೆ. ಹಿತ್ತಾಳೆ ದೀಪವನ್ನು ಮಳೆಗಾಲ ಪೂರ್ತಿ ತೊಳೆಯದೆ ಇಟ್ಟರೆ ಹೇಗೆ ಕಿಲುಬು ಹಿಡಿಯುತ್ತದೋ ಹಾಗೆ, ಪಿನ್ನುಗಳ ತುದಿಯಲ್ಲಿ ಹಸಿರು ಪುಡಿ ಕೂತಿತ್ತು. ಕೋಡಿಬಾಗದಲ್ಲಿ ನಮ್ಮ ಮನೆ, ಕಾಳಿ ನದಿ ಕಡಲು ಸೇರುವ ಕಡೆ. ಕಿಟಕಿ ಸರಳು, ಬಾಗಿಲ ಚಿಲಕ, ಸೈಕಲ್ ಚೈನು ಯಾವುದನ್ನೂ ಉಪ್ಪು ಗಾಳಿ ಬಿಟ್ಟಿಲ್ಲ. ಮುಚ್ಚಿದ ಕಪಾಟಿನ ಒಳಗೂ ಅದು ಹೋಗುತ್ತದೆ ಅಂತ ನಾನು ಯೋಚಿಸಿರಲಿಲ್ಲ.

ಮೆಡಿಕಲ್ ಶಾಪಿನಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ತಂದು, ಹಳೇ ಟೂತ್‌ಬ್ರಶ್ ಅದ್ದಿ, ಪಿನ್ನುಗಳನ್ನು ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿದೆ. ಬಿಳಿ ಬಟ್ಟೆಗೆ ಹಸಿರು ಬಂತು. ಮತ್ತೊಮ್ಮೆ ಉಜ್ಜಿದೆ, ತೆಳು ಹಸಿರು ಬಂತು. ಮೂರನೇ ಸಲಕ್ಕೆ ಬಟ್ಟೆ ಬೆಳ್ಳಗೇ ಉಳಿಯಿತು. ಅರ್ಧ ಗಂಟೆ ಫ್ಯಾನ್ ಕೆಳಗೆ ಒಣಗಿಸಿ, ಕೇಬಲ್ ಗಟ್ಟಿಯಾಗಿ ಕೂರಿಸಿ, ಎಕ್ಸ್‌ಟೆನ್ಶನ್ ಬೋರ್ಡ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿದೆವು. ಬಟನ್ ಒತ್ತಿದ್ದು ಅವನೇ. ಹಸಿರು ದೀಪ ಒಂದು ಸುತ್ತು ತಿರುಗಿತು, ಟೀವಿಯಲ್ಲಿ ಚಿತ್ರ ಬಂತು. ಅವನು ಕುಣಿದ. ನನಗೂ ಅಷ್ಟೇ ಖುಷಿ ಆಯಿತು.

ಬಿಟ್ಟುಕೊಂಡ ಬೆಸುಗೆ ಮತ್ತೆ ಕೂಡಲಿ ಅಂತ ಬೋರ್ಡಿಗೆ ಹೀಟ್ ಕೊಡುವ ಬಗ್ಗೆ ಒಂದು ಮಾತು ಹೇಳಲೇಬೇಕು. ನಿಜವಾಗಿ ಮೂರು ದೀಪ ಬಂದಿದ್ದರೂ ದಯವಿಟ್ಟು ಹಾಗೆ ಮಾಡಿಸಬೇಡಿ. ಮಷೀನಿಗೆ ಟವೆಲ್ ಸುತ್ತಿ ಆನ್ ಮಾಡಿ ಬಿಡುವುದೂ ಅದೇ ಜಾತಿಯ ಉಪಾಯ. ಕೆಲವು ದಿನ ನಡೆಯಬಹುದು, ಆಮೇಲೆ ಮತ್ತೆ ಅದೇ ಗತಿ, ಮೇಲೆ ಬೋರ್ಡು ಸೊಟ್ಟಗಾಗಿ, ಚೆನ್ನಾಗಿದ್ದ ಭಾಗವೂ ಹಾಳಾಗುತ್ತದೆ. ಬರೀ ಕೇಬಲ್‌ಗೆ ಕಿಲುಬು ಹಿಡಿದ ನಮ್ಮ ಮಷೀನಿಗೆ ಅಷ್ಟು ಬಿಸಿ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಬೇರೆ ಮಷೀನಿನವರೂ ದೀಪದ ಬಣ್ಣ ಗಮನಿಸಿ. ಪ್ಲೇಸ್ಟೇಷನ್ 4ರಲ್ಲಿ ಬಿಳಿ ದೀಪ ಬಂದರೆ ಸರಿ ಇದೆ, ಕೆಂಪು ನಿಂತರೆ ಬಿಸಿ ಜಾಸ್ತಿ. ನೀಲಿ ಮಿಣುಕುತ್ತಲೇ ಇದ್ದು ಬಿಳಿಗೆ ತಿರುಗದಿದ್ದರೆ ಎಚ್‌ಡಿಎಂಐ ಕೇಬಲ್, ಕರೆಂಟ್, ಹಾರ್ಡ್ ಡಿಸ್ಕ್ ಇವನ್ನು ಒಂದೊಂದಾಗಿ ನೋಡಿ.

ಈಗ ಕೇಬಲ್ಲುಗಳೆಲ್ಲ ಒಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿವೆ. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಬಿಸಾಡದೆ ಅದರೊಳಗೆ ಹಾಕಿದ್ದೇನೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮಷೀನನ್ನು ಅರ್ಧ ಗಂಟೆ ಓಡಿಸುತ್ತೇನೆ. ಭಾನುವಾರ ಬೆಳಿಗ್ಗೆ ಶಿರಸಿಯಿಂದ ಫೋನ್ ಬರುತ್ತದೆ, "ಮಾವಾ, ಇವತ್ತು ಆನ್ ಮಾಡಿದ್ಯಾ?"